ಲಕ್ಷ ಡಬ್ಬಗಳಿಗೆ ಒಂದು ಡೈ

ಮುದ್ರಣ ಮತ್ತು ಪ್ಯಾಕೇಜಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ

ಮನೆಯಲ್ಲಿ ಪೂರಿ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಒಂದೊಂದೇ ಉಂಡೆ ಕಟ್ಟಿ ಲಟ್ಟಿಸುವ ಪುರುಸೊತ್ತಿನ ಪೂರಿಯ ಮಾತು ಬಿಡಿ. ನೆಂಟರು ಬಂದು ಹಜಾರದಲ್ಲಿ ಕುಳಿತಿರುತ್ತಾರೆ, ಎಣ್ಣೆ ಕಾದಿರುತ್ತದೆ. ಆಗ ಅಮ್ಮ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ, ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಬೋರಲು ಹಾಕಿ ಒತ್ತಿ, ಏಳೆಂಟು ಪೂರಿಗಳನ್ನು ಒಂದೇ ಉಸಿರಿಗೆ ಎಬ್ಬಿಸುತ್ತಾರೆ. ಆ ಮುಚ್ಚಳವೇ ಡೈ. ನಲವತ್ತು ವರ್ಷ ನಾನು ಮಾಡಿದ್ದು ಇಂಥ ಮುಚ್ಚಳಗಳನ್ನೇ. ಆದರೆ ಪೂರಿಗಳ ನಡುವೆ ಉಳಿದ ಹಿಟ್ಟನ್ನು ಅಮ್ಮ ಮತ್ತೆ ನಾದಿಕೊಳ್ಳಬಹುದು, ರಟ್ಟನ್ನು ನಾದಲು ಬರುವುದಿಲ್ಲ. ಡಬ್ಬದ ಪಕ್ಕಕ್ಕೆ ಡಬ್ಬವನ್ನು ಹೇಗೆ ಕೂರಿಸಿದರೆ ಕಸ ಕಡಿಮೆ ಬೀಳುತ್ತದೆ ಎಂಬ ಲೆಕ್ಕದಿಂದಲೇ ನಮ್ಮ ದಿನ ಶುರುವಾಗುತ್ತಿತ್ತು.

ಅಚ್ಚು ಎಂಬ ಮಾತು ಕನ್ನಡದಲ್ಲಿ ದೊಡ್ಡ ಸಂಸಾರ ಹೂಡಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚುಬೆಲ್ಲ, ಅಚ್ಚಿನ ಮನೆ, ಅಚ್ಚುಮೊಳೆ, ಗಾಡಿಯ ಅಚ್ಚು. ಇಷ್ಟೆಲ್ಲ ಇದ್ದೂ ಕತ್ತರಿಸುವ ಅಚ್ಚಿಗೆ ಬೇರೆ ಹೆಸರು ಹುಟ್ಟಲಿಲ್ಲ. ಪ್ರೆಸ್ಸುಗಳಲ್ಲಿ ಎಲ್ಲರೂ ಡೈ ಎನ್ನುತ್ತಾರೆ, ಅದನ್ನು ಹಾಕಿ ಓಡಿಸುವ ಯಂತ್ರಕ್ಕೆ ಪಂಚಿಂಗ್ ಮೆಷಿನ್ ಎನ್ನುತ್ತಾರೆ. ನಮ್ಮ ಅಂಗಡಿಯಿಂದ ಸಾಮಾನು ಹೊತ್ತು ಹೋಗುತ್ತಿದ್ದ ಒಬ್ಬ ಹಮಾಲರು ಮಾತ್ರ ಅದನ್ನು 'ಬ್ಲೇಡ್ ಹಲಗೆ' ಎಂದು ಕರೆಯುತ್ತಿದ್ದರು. ನನಗೆ ಇಂದಿಗೂ ಆ ಹೆಸರೇ ಸರಿ ಅನ್ನಿಸುತ್ತದೆ.

ಈ ಮೇಜಿನ ಮೇಲಿರುವುದನ್ನು ನೋಡಿ. ಇದು 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ. ಅದರಲ್ಲಿ ಸೀಳು ಕೊರೆದು ಉಕ್ಕಿನ ಪಟ್ಟಿಗಳನ್ನು ಕೂರಿಸಿದೆ. ಪಟ್ಟಿಗೆ ನಾವು ರೂಲ್ ಎನ್ನುತ್ತೇವೆ. ಎತ್ತರ 23.8 ಮಿ.ಮೀ., ದಪ್ಪ 0.71 ಮಿ.ಮೀ. ಅಂಚು ಮಿಂಚುತ್ತಿರುವುದು ಕತ್ತರಿಸುವ ರೂಲ್. ಅದಕ್ಕಿಂತ ಕೂದಲಷ್ಟು ಗಿಡ್ಡವಾಗಿ, ತಲೆ ದುಂಡಗಿರುವುದು ಕ್ರೀಸಿಂಗ್ ರೂಲ್. ಅದು ರಟ್ಟನ್ನು ಕತ್ತರಿಸದೆ ಮಡಿಕೆಯ ಗೆರೆ ಎಳೆದು ಸುಮ್ಮನಾಗುತ್ತದೆ. ಅಕ್ಕಪಕ್ಕದ ರಬ್ಬರ್ ತುಂಡುಗಳು ರೂಲ್‌ಗಿಂತ ಒಂದು, ಒಂದೂವರೆ ಮಿ.ಮೀ. ಎತ್ತರ ಇವೆ. ಏಟು ಬಿದ್ದ ಮೇಲೆ ರೂಲ್‌ಗೆ ಕಚ್ಚಿಕೊಂಡ ರಟ್ಟನ್ನು ಹೊರಕ್ಕೆ ದಬ್ಬುವುದು ಅವುಗಳ ಕೆಲಸ.

ಇನ್ನೊಂದು ಸೂಕ್ಷ್ಮವಿದೆ. ಡಬ್ಬದ ಸುತ್ತ ಪೂರ್ತಿ ಸೀಳು ಕೊರೆದರೆ ಹಲಗೆಯ ಆ ಭಾಗ ಕಳಚಿ ಬಿದ್ದುಹೋಗುತ್ತದೆ. ಅದಕ್ಕೆ ಅಲ್ಲಲ್ಲಿ ಮರವನ್ನು ಕೊರೆಯದೆ ಬಿಡುತ್ತೇವೆ, ಅದು ಬ್ರಿಡ್ಜ್. ಆ ಜಾಗದಲ್ಲಿ ರೂಲ್‌ನ ಕೆಳಭಾಗವನ್ನು ಕಚ್ಚು ಹೊಡೆದು ತೆಗೆದರೆ ರೂಲ್ ಸೇತುವೆಯ ಮೇಲೆ ಕಾಲು ಚಾಚಿ ಕುಳಿತ ಹಾಗೆ ಕೂರುತ್ತದೆ. ಉಕ್ಕಿನ ಗುಣವೂ ವಿಚಿತ್ರ. ಬೇಕಾದ ಹಾಗೆ ಬಾಗಬೇಕಾದರೆ ಮೈ ಮೆತ್ತಗಿರಬೇಕು, ಲಕ್ಷಗಟ್ಟಲೆ ಏಟು ತಾಳಬೇಕಾದರೆ ಅಂಚು ಗಟ್ಟಿಯಿರಬೇಕು. ಆದ್ದರಿಂದ ಅಂಚನ್ನು ಮಾತ್ರ ಹದ ಹಾಕಿರುತ್ತಾರೆ. ಕುಡುಗೋಲಿಗೆ ಕಮ್ಮಾರರು ಮಾಡುತ್ತಿದ್ದುದು ಇದನ್ನೇ. ಬಾಯಿಗೆ ಹದ, ಬೆನ್ನಿಗೆ ಬೇಡ.

ಕಮ್ಮಾರರ ಹೆಸರು ಬಂದದ್ದು ಒಳ್ಳೆಯದಾಯಿತು. ಕಾರ್ಖಾನೆಗಳಿಗೆ ಡೈ ಮಾಡುತ್ತಿದ್ದ ಮೊದಲಿಗರು ಅವರೇ. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದ ಮಸಾಚುಸೆಟ್ಸ್‌ನ ಲಿನ್, ಇಂಗ್ಲೆಂಡಿನ ನಾರ್ಥಾಂಪ್ಟನ್‌ನಂಥ ಊರುಗಳು ಚಪ್ಪಲಿ, ಬೂಟುಗಳಿಂದಲೇ ಬದುಕುತ್ತಿದ್ದವು. ನಮ್ಮ ಅಥಣಿಯಲ್ಲಿ ಚರ್ಮವನ್ನು ರಂಪಿಗೆಯಿಂದ ಕೊಯ್ಯುವ ಹಾಗೆ ಅಲ್ಲಿಯೂ ಮೊದಲು ಚೂರಿಯಿಂದಲೇ ಕೊಯ್ಯುತ್ತಿದ್ದರು. ಆ ಕೆಲಸದವರಿಗೆ ಕ್ಲಿಕ್ಕರ್ ಎಂಬ ಹೆಸರು. ಚರ್ಮದಿಂದ ಚೂರಿ ಹೊರಬರುವಾಗ ಟಿಕ್ ಎನ್ನುವ ಸದ್ದಿನಿಂದ ಆ ಹೆಸರು ಬಂತು ಎನ್ನುತ್ತಾರೆ. ಚೂರಿಯ ಜಾಗಕ್ಕೆ ಯಂತ್ರ ಬಂದಿತು, ಹೆಸರು ಉಳಿದುಕೊಂಡಿತು. ಇಂದಿಗೂ ಚರ್ಮ ಕತ್ತರಿಸುವ ಪ್ರೆಸ್ಸಿಗೆ ಕ್ಲಿಕ್ಕರ್ ಪ್ರೆಸ್ ಎಂದೇ ಹೇಳುತ್ತಾರೆ.

ಬೂಟಿನ ಒಂದು ವಿನ್ಯಾಸಕ್ಕೆ ಎಷ್ಟು ಡೈ ಬೇಕು ಎಂದು ಲೆಕ್ಕ ಹಾಕಿ. ಮೇಲ್ಭಾಗಕ್ಕೆ ಐದು ತುಂಡು ಚರ್ಮ, ಹತ್ತು ಅಳತೆ ಎಂದರೆ ಐವತ್ತಾಯಿತು. ಎಡಗಾಲು ಬಲಗಾಲು ಎಂದು ನೂರು ಆಗಬೇಕಿತ್ತು, ಆದರೆ ಡೈಯ ಎರಡೂ ಕಡೆ ಅಂಚು ಹರಿತ ಮಾಡಿದರೆ ಮಗುಚಿ ಹಾಕಿ ಇನ್ನೊಂದು ಕಾಲಿಗೂ ಬಳಸಬಹುದು. ಅಳತೆ ಕಲಸಿಹೋಗದಿರಲಿ ಎಂದು ಡೈಯ ಅಂಚಿನಲ್ಲೇ ಸಣ್ಣ ಗುರುತು ಮಾಡಿರುತ್ತಾರೆ. ಚರ್ಮದ ಅಂಚಿನ ಮೇಲೆ ಆ ಗುರುತು ಬಿದ್ದಿರುತ್ತದೆ, ಹೊಲಿಯುವವರು ಅದನ್ನು ಬೆರಳಿನಿಂದಲೇ ಓದುತ್ತಾರೆ. ಮುಂದಿನ ವರ್ಷ ಮೂತಿಯ ಆಕಾರ ಬದಲಾದರೆ ಈ ಐವತ್ತೂ ಗುಜರಿಗೆ. ಹೊಸ ಐವತ್ತಕ್ಕೆ ಕುಲುಮೆ ಹೊತ್ತಿಸಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಕಾಗದದ ಕಡೆ ಬಂದರೆ ಮೊದಲು ಸಿಗುವುದು ಲಕೋಟೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಬಂದದ್ದೇ ತಡ, ಲಕೋಟೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಲಂಡನ್ನಿನಲ್ಲಿ ಡಿ ಲಾ ರೂ ಎಂಬ ಮನೆತನದ ಮುದ್ರಣ ಸಂಸ್ಥೆ ಇತ್ತು. ತಂದೆ ಥಾಮಸ್ ಗರ್ನ್ಸಿ ದ್ವೀಪದಿಂದ ಬಂದವನು, ಇಸ್ಪೀಟು ಎಲೆಗಳ ಮುದ್ರಣಕ್ಕೆ ಹೆಸರಾಗಿದ್ದವನು. ಮಗ ವಾರನ್, ಎಡ್ವಿನ್ ಹಿಲ್ ಎಂಬವನ ಜೊತೆ ಸೇರಿ ಲಕೋಟೆ ಮಡಿಸುವ ಯಂತ್ರ ಮಾಡಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನ ಮುಗಿಬಿದ್ದು ಆ ಯಂತ್ರವನ್ನು ನೋಡಿದರು. ಅದು ಮಡಿಸುವುದು ಮಾತ್ರ, ಅದಕ್ಕೆ ಮೊದಲು ಕಾಗದದ ಕಟ್ಟಿನ ಮೇಲೆ ಲಕೋಟೆಯ ಆಕಾರದ ಉಕ್ಕಿನ ಡೈ ಇಟ್ಟು ಒತ್ತಿ ತುಂಡುಗಳನ್ನು ತೆಗೆದಿರಬೇಕಿತ್ತು. ಜನ ಮಡಿಸುವ ಯಂತ್ರವನ್ನು ನೋಡಿದರು, ಡೈಯನ್ನು ಯಾರೂ ನೋಡಲಿಲ್ಲ. ನಮ್ಮ ಕಸುಬಿನ ಹಣೆಬರಹ ಅದು. ಅಂದ ಹಾಗೆ ಈ ವಾರನ್ ದೊಡ್ಡ ಖಗೋಳ ವಿಜ್ಞಾನಿಯೂ ಹೌದು, ಚಂದ್ರನ ಫೋಟೋ ತೆಗೆದವನು. ಇವರ ಸಂಸ್ಥೆಯೇ 1850ರ ದಶಕದ ಮಧ್ಯದಿಂದ ನಮ್ಮ ದೇಶದ ಅಂಚೆಚೀಟಿಗಳನ್ನೂ ಲಂಡನ್ನಿನಲ್ಲಿ ಮುದ್ರಿಸಿ ಕಳಿಸುತ್ತಿತ್ತು. ನಾಸಿಕ್‌ನಲ್ಲಿ ಮುದ್ರಣಾಲಯ ಆಗುವ ತನಕ, ಅಂದರೆ 1920ರ ದಶಕದ ತನಕ, ಅದು ನಡೆಯಿತು.

ಈಗ ರಾಬರ್ಟ್ ಗೇರ್ ಕಥೆ. ಇವತ್ತು ನೀವು ಕೈಯಲ್ಲಿ ಹಿಡಿಯುವ ಟೂತ್‌ಪೇಸ್ಟ್ ಡಬ್ಬ, ಮಾತ್ರೆಯ ಡಬ್ಬ, ಊದುಬತ್ತಿಯ ಡಬ್ಬ ಎಲ್ಲಕ್ಕೂ ಈತ ಅಜ್ಜ. 1839ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದ. ಅಮೆರಿಕದ ಅಂತರ್ಯುದ್ಧದಲ್ಲಿ ಕ್ಯಾಪ್ಟನ್ ಆಗಿ ಹೋರಾಡಿ, 1864ರಲ್ಲಿ ಕಾಗದದ ಚೀಲಗಳ ವ್ಯಾಪಾರಕ್ಕೆ ಇಳಿದ. 1879ರಲ್ಲಿ ಒಂದು ದಿನ ಬೀಜ ತುಂಬುವ ಚೀಲಗಳು ಅವನ ಪ್ರೆಸ್ಸಿನಲ್ಲಿ ಓಡುತ್ತಿದ್ದವು. ಚೀಲಕ್ಕೆ ಮಡಿಕೆಯ ಗೆರೆ ಬೀಳಲಿ ಎಂದು ಒಂದು ಲೋಹದ ರೂಲ್ ಕೂರಿಸಿದ್ದರು. ಅದು ಜಾಗ ಬಿಟ್ಟು ಸ್ವಲ್ಪ ಮೇಲೆದ್ದಿತು. ಗೆರೆ ಬೀಳುವ ಕಡೆ ಚೀಲ ಕತ್ತರಿಸಿಹೋಯಿತು. ಕೆಲಸಗಾರ ಗಮನಿಸುವ ಹೊತ್ತಿಗೆ ಸಾವಿರಾರು ಚೀಲಗಳು ಹಾಳಾಗಿದ್ದವು.

ಬೇರೆ ಯಾರಾದರೂ ಆಗಿದ್ದರೆ ಆ ಕೆಲಸಗಾರನಿಗೆ ಬೈದು, ಸಂಬಳ ಹಿಡಿದು, ರೂಲ್ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಗೇರ್ ಬೈದನೋ ಇಲ್ಲವೋ, ಹಾಳಾದ ಚೀಲವನ್ನು ಕೈಯಲ್ಲಿ ಹಿಡಿದು ಯೋಚಿಸಿದ್ದಂತೂ ನಿಜ. ರೂಲ್ ಒಂದು ಎತ್ತರದಲ್ಲಿದ್ದರೆ ಗೆರೆ, ಸ್ವಲ್ಪ ಎತ್ತರಿಸಿದರೆ ಕತ್ತರಿ. ಹಾಗಾದರೆ ಎರಡೂ ಎತ್ತರದ ರೂಲ್‌ಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದರೆ, ಒಂದೇ ಏಟಿಗೆ ಡಬ್ಬ ಕತ್ತರಿಸಿಯೂ ಬರುತ್ತದೆ, ಮಡಿಕೆಯ ಗೆರೆ ಬಿದ್ದೂ ಬರುತ್ತದೆ. ಈ ಹಲಗೆಯ ಮೇಲೆ ಬೆರಳಾಡಿಸಿ ನೋಡಿದರೆ ಆ ಯೋಚನೆ ಹಾಗೆಯೇ ಸಿಗುತ್ತದೆ. ನೂರ ನಲವತ್ತು ವರ್ಷಗಳಾದರೂ ಅದಕ್ಕೆ ಯಾರೂ ಹೊಸದಾಗಿ ಏನನ್ನೂ ಸೇರಿಸಿಲ್ಲ.

ಅದಕ್ಕೆ ಮೊದಲು ಡಬ್ಬ ಮಾಡುವುದೆಂದರೆ ರಟ್ಟನ್ನು ಕತ್ತರಿಸುವುದು ಒಂದು ಕೆಲಸ, ಗೀರುವುದು ಒಂದು ಕೆಲಸ, ಮಡಿಸಿ ಅಂಟಿಸುವುದು ಇನ್ನೊಂದು. ಸಿದ್ಧವಾದ ಡಬ್ಬ ಮಡಚಲು ಬಾರದ ಗಟ್ಟಿ ಡಬ್ಬ. ಗಾಡಿ ತುಂಬ ಡಬ್ಬ ಹೇರಿದರೆ ಸಾಗಿಸಿದ್ದು ಬಹುಪಾಲು ಗಾಳಿ. ಗೇರ್ ಮಾಡಿದ ಡಬ್ಬ ಚಪ್ಪಟೆಯಾಗಿ ಹೋಗಿ, ಕೊಂಡವರ ಕೈಯಲ್ಲಿ ಎದ್ದು ನಿಲ್ಲುತ್ತಿತ್ತು. ಮೊದಮೊದಲು ಯಾರಿಗೂ ಅದರ ಬೆಲೆ ತಿಳಿಯಲಿಲ್ಲ, ಚಿಲ್ಲರೆ ಅಂಗಡಿಗಳಿಗೆ ಸಾಮಾನು ಕಟ್ಟಿಕೊಡಲು ಸಾಕು ಎನ್ನುವಷ್ಟೇ ಲೆಕ್ಕ. ಅಂಗಡಿಗಳಲ್ಲಿ ಬಿಸ್ಕತ್ತು ಪೀಪಾಯಿಗಳಲ್ಲಿ ಸುರಿದಿರುತ್ತಿದ್ದ ಕಾಲ ಅದು. ಮೇಲಿನದು ಮೆತ್ತಗೆ, ತಳದ್ದು ಪುಡಿ. 1898ರಲ್ಲಿ ನ್ಯಾಷನಲ್ ಬಿಸ್ಕೆಟ್ ಕಂಪನಿ ಹುಟ್ಟಿ, ಒಳಗೆ ಮೇಣದ ಕಾಗದ ಹಾಕಿದ ಮಡಿಸುವ ಡಬ್ಬದಲ್ಲಿ 'ಯುನೀಡಾ' ಎಂಬ ಬಿಸ್ಕತ್ತನ್ನು ದೇಶದ ತುಂಬ ಮಾರಿತು. ಆ ಹೆಸರು ಗೇರ್‌ನ ಮಗನ ಬಾಯಿಂದ ಬಂದದ್ದೆಂಬ ಕಥೆ ಇದೆ. ನಿಮಗೊಂದು ಹೆಸರು ಬೇಕು ಎಂದು ಅವನು ಇಂಗ್ಲಿಷಿನಲ್ಲಿ 'ಯು ನೀಡ್ ಎ ನೇಮ್' ಎಂದದ್ದರ ಮೊದಲ ಮೂರು ಪದಗಳೇ ಹೆಸರಾದವಂತೆ. ಕಥೆಯನ್ನು ಕಥೆಯ ಬೆಲೆಗೇ ತೆಗೆದುಕೊಳ್ಳಿ. ಡಬ್ಬದ ಮೇಲೆ ಹೆಸರು ಅಚ್ಚಾಗಿ, ಜನ ಹೆಸರು ಹೇಳಿ ಬಿಸ್ಕತ್ತು ಕೇಳುವ ಅಭ್ಯಾಸ ಬೆಳೆದದ್ದು ಮಾತ್ರ ಆ ಕಾಲದಲ್ಲೇ.

ಗೇರ್ ಬ್ರೂಕ್ಲಿನ್‌ನ ನದೀತೀರಕ್ಕೆ ಕಾರ್ಖಾನೆ ಸಾಗಿಸಿದ. ಒಂದರ ಪಕ್ಕ ಒಂದು ಕಾಂಕ್ರೀಟ್ ಕಟ್ಟಡಗಳನ್ನು ಎಬ್ಬಿಸಿದ, ಜನ ಆ ಪ್ರದೇಶವನ್ನು ಗೇರ್‌ವಿಲ್ ಎಂದೇ ಕರೆದರು. ಇವತ್ತು ಅದು ಡಂಬೋ, ಸೇತುವೆಯ ಹಿನ್ನೆಲೆಯಲ್ಲಿ ಫೋಟೋ ತೆಗೆಸಿಕೊಳ್ಳಲು ಪ್ರವಾಸಿಗರು ನಿಲ್ಲುವ ಬೀದಿ. ನಿಮ್ಮಲ್ಲಿ ಯಾರದೋ ಅಣ್ಣನೋ ಅಕ್ಕನೋ ಅಲ್ಲಿ ನಿಂತು ತೆಗೆದ ಫೋಟೋ ನಿಮ್ಮ ಮೊಬೈಲಿನಲ್ಲಿ ಇದ್ದರೂ ಇರಬಹುದು. ಮುಂದಿನ ಸಲ ನೋಡುವಾಗ ಬೆನ್ನ ಹಿಂದಿನ ಹಳೆಯ ಕಟ್ಟಡಗಳನ್ನು ಗಮನಿಸಿ. 1927ರಲ್ಲಿ ಗೇರ್ ತೀರಿಕೊಂಡ. 1956ರಲ್ಲಿ ಆ ಸಂಸ್ಥೆ ಕಾಂಟಿನೆಂಟಲ್ ಕ್ಯಾನ್ ಎಂಬ ದೊಡ್ಡ ಕಂಪನಿಯಲ್ಲಿ ಲೀನವಾಯಿತು.

ಸಣ್ಣ ಲೆಕ್ಕವೊಂದನ್ನು ಇಲ್ಲಿ ಹೇಳಿಬಿಡುತ್ತೇನೆ, ಪರೀಕ್ಷೆಗೆ ಬರಲಾರದು. ಹಳೆಯ ಅಚ್ಚುಮೊಳೆ, ಅಂದರೆ ಮುದ್ರಣಕ್ಕೆ ಒಂದೊಂದಾಗಿ ಜೋಡಿಸುತ್ತಿದ್ದ ಲೋಹದ ಅಕ್ಷರ. ಅದರ ಎತ್ತರ ಅಮೆರಿಕ, ಇಂಗ್ಲೆಂಡುಗಳ ಅಳತೆಯಲ್ಲಿ 0.918 ಇಂಚು, ಸುಮಾರು 23.3 ಮಿ.ಮೀ. ನಮ್ಮ ಕತ್ತರಿಸುವ ರೂಲ್ 0.937 ಇಂಚು, 23.8 ಮಿ.ಮೀ. ವ್ಯತ್ಯಾಸ ಅರ್ಧ ಮಿಲಿಮೀಟರಿನಷ್ಟು. ಮೊಳೆ ಕಾಗದವನ್ನು ಮುಟ್ಟಿ ನಿಲ್ಲುತ್ತದೆ, ರೂಲ್ ಅದನ್ನು ದಾಟಿ ಹೋಗುತ್ತದೆ. ರೂಲ್‌ನ ದಪ್ಪವನ್ನು ಇಂದಿಗೂ ಪಾಯಿಂಟ್‌ನಲ್ಲಿ ಹೇಳುತ್ತೇವೆ, 0.71 ಎಂದರೆ ಎರಡು ಪಾಯಿಂಟ್. ನೀವು ಕಂಪ್ಯೂಟರಿನಲ್ಲಿ ಹನ್ನೆರಡು ಪಾಯಿಂಟ್ ಅಕ್ಷರ ಎನ್ನುತ್ತೀರಲ್ಲ, ಅದೇ ಪಾಯಿಂಟ್. ಡೈ ಅಚ್ಚಿನ ಮನೆಯ ಕೂಸು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ತಂದೆಯವರೂ ಹಾಗೆಯೇ ಬಂದವರು. ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆಗೆ ಬಾಗಿಲಿನ ಆಕಾರ, ಕಲಶದ ಆಕಾರ ಬೇಕು ಎನ್ನುವವರು ಬರತೊಡಗಿದಾಗ, ಮೊಳೆಯ ಚೌಕಟ್ಟಿನಲ್ಲೇ ರೂಲ್ ಬಾಗಿಸಿ ಸುತ್ತ ಮರದ ತುಂಡುಗಳನ್ನು ಬಿಗಿದು, ಟ್ರೆಡಲ್ ಎಂಬ ಮುದ್ರಣ ಯಂತ್ರದಲ್ಲಿ ಹೊಡೆದು ನೋಡಿದರು. ಪ್ಲೈವುಡ್, ಅದನ್ನು ಕೊರೆಯುವ ಜಿಗ್ ಸಾ ಗರಗಸ ಎಲ್ಲ ಆಮೇಲೆ. ಚಿಕ್ಕಪ್ಪ ಗರಗಸ ಹಿಡಿದರೆ ಅಪ್ಪ ರೂಲ್ ಬಾಗಿಸುತ್ತಿದ್ದರು. ಅಮ್ಮ ರಬ್ಬರ್ ಕತ್ತರಿಸಿ ಅಂಟಿಸುತ್ತಿದ್ದರು, ಶಾಲೆಯಿಂದ ಬಂದ ಮೇಲೆ ನಾನು ಮತ್ತು ತಂಗಿ ಅಮ್ಮನ ಪಕ್ಕ ಕುಳಿತುಕೊಳ್ಳುತ್ತಿದ್ದೆವು. ಅಂಗಡಿಗೆ ಹೆಸರಿನ ಹಲಗೆ ಹಾಕಿದ್ದು ಹನ್ನೊಂದು ವರ್ಷ ಆದ ಮೇಲೆ.

ಲಿನ್‌ನ ಬೂಟುಗಳ ಮಾತಿಗೆ ಈಗ ಮರಳುತ್ತೇನೆ. ಪ್ರಪಂಚದ ಯಾವ ಮೂಲೆಗೆ ಹೋದರೂ ಡೈ ಮಾಡುವ ಕೆಲಸ ಬಹಳ ಕಡೆ ಮನೆಯವರ ಕೈಯಲ್ಲೇ ಇದೆ. ತಂದೆ, ಮಕ್ಕಳು, ಅಳಿಯ, ಹತ್ತಿಪ್ಪತ್ತು ಕೆಲಸಗಾರರು. ಯಾಕೆ? ಡಬ್ಬ ಲಕ್ಷಗಟ್ಟಲೆ ಆಗಬಹುದು, ಆದರೆ ಆ ಲಕ್ಷ ಡಬ್ಬಕ್ಕೆ ಬೇಕಾದ ಡೈ ಒಂದೇ. ಇವತ್ತು ಮಾಡಿದ ಡೈಯಂಥದ್ದೇ ಇನ್ನೊಂದನ್ನು ನಾಳೆ ಮಾಡುವ ಪ್ರಸಂಗ ಅಪರೂಪ. ಗೋದಾಮಿನಲ್ಲಿ ಮೊದಲೇ ಮಾಡಿ ಪೇರಿಸಿಟ್ಟುಕೊಳ್ಳಲು ಬಾರದ ಸರಕು ಇದು. ಜೊತೆಗೆ ಇದು ಭಾರ, ದೂರ ಕಳಿಸಲು ಕಷ್ಟ, ಗಿರಾಕಿಗೆ ಬೇಕಾದದ್ದು ನಾಳೆ ಬೆಳಿಗ್ಗೆ. ಆದ್ದರಿಂದ ಡೈ ಮಾಡುವವರು ಪ್ರೆಸ್ಸಿನ ಪಕ್ಕದ ಬೀದಿಯಲ್ಲೇ ಇರಬೇಕು, ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೂ ತೆರೆಯಬೇಕು. ದೊಡ್ಡ ಕಂಪನಿಗಳು ಒಂದೇ ಥರದ ಸಾಮಾನನ್ನು ಸಾವಿರ ಸಲ ಮಾಡಿ ಲಾಭ ತೆಗೆಯುತ್ತವೆ. ಸಾವಿರ ಥರದ ಸಾಮಾನನ್ನು ಒಂದೊಂದು ಸಲ ಮಾಡುವುದು ಅವಕ್ಕೆ ಒಗ್ಗುವುದಿಲ್ಲ. ಬೂಟಿನ ಮೂತಿ ಬದಲಾದಾಗಲೆಲ್ಲ ಐವತ್ತು ಡೈ ಬದಲಾಗುತ್ತಿದ್ದದ್ದು ಬೂಟು ಕಂಪನಿಗೆ ನಷ್ಟ, ಪಕ್ಕದ ಕುಲುಮೆಗೆ ಅನ್ನ. ಯಂತ್ರ ಮಾಡುವವರ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 1890ರಲ್ಲಿ ಜೋಸೆಫ್ ಬಾಬ್ಸ್ಟ್ ಎಂಬವನು ಪ್ರೆಸ್ಸಿನವರಿಗೆ ಸಾಮಾನು ಮಾರುವ ಅಂಗಡಿ ತೆರೆದ. 1940ರಲ್ಲಿ ಆ ಸಂಸ್ಥೆ ರಟ್ಟನ್ನು ತಾನೇ ಎಳೆದುಕೊಂಡು ಕತ್ತರಿಸುವ ಆಟೋಪ್ಲೇಟನ್ ಯಂತ್ರ ತಂದಿತು. ಇವತ್ತು ಪುಣೆಯಲ್ಲೂ ಅವರ ಕಾರ್ಖಾನೆ ಇದೆ. ಒಂದೇ ಮಾದರಿಯ ಯಂತ್ರವನ್ನು ಲೋಕಕ್ಕೆಲ್ಲ ಮಾರಬಹುದು. ಆ ಯಂತ್ರದೊಳಗೆ ಕೂರುವ ಹಲಗೆಯನ್ನು ಮಾತ್ರ ಆಯಾ ಊರಿನವರೇ ಮಾಡಬೇಕು.

ಬೆಂಗಳೂರಿಗೆ ಬಂದರೆ ನಮಗೆ ಅನ್ನ ಹಾಕಿದ್ದು ಊದುಬತ್ತಿ. ಆರು ಮುಖದ ಉದ್ದನೆಯ ಡಬ್ಬ ನಿಮಗೆಲ್ಲ ಗೊತ್ತು. ನೋಡಲು ಸುಲಭ, ಡೈ ಮಾಡುವವರ ಜೀವ ಹಿಂಡುವ ಡಬ್ಬ ಅದು. ಆರು ಪಟ್ಟಿ, ಅಂಟಿಸಲು ಒಂದು ಕಿರುಪಟ್ಟಿ, ನಡುವೆ ಆರು ಮಡಿಕೆ. ಒಂದೊಂದು ಮಡಿಕೆಯೂ ಒಂದೇ ಕಡೆಗೆ 0.2 ಮಿ.ಮೀ. ಜರುಗಿದರೆ ಕೊನೆಗೆ ಕೂಡಿಬರುವ ತಪ್ಪು 1.2 ಮಿ.ಮೀ. ಅಷ್ಟಾದರೆ ಮುಚ್ಚಳ ಕಚ್ಚುವುದಿಲ್ಲ, ಡಬ್ಬ ಸೊಟ್ಟ ನಿಲ್ಲುತ್ತದೆ. ಸಾಮಾನ್ಯ ನಾಲ್ಕು ಗೋಡೆಯ ಡಬ್ಬದಲ್ಲೂ ಒಂದು ಗುಟ್ಟಿದೆ. ನಾಲ್ಕೂ ಗೋಡೆ ಸಮ ಎಂದು ನೀವು ತಿಳಿದಿರುತ್ತೀರಿ. ಒಳಗೆ ಸೇರಬೇಕಾದ ಕೊನೆಯ ಗೋಡೆಯನ್ನು ಅರ್ಧ ಮಿ.ಮೀ. ಕಡಿಮೆ ಮಾಡಿರುತ್ತೇವೆ, ಇಲ್ಲದಿದ್ದರೆ ಅಂಟಿಸಿದ ಮೂಲೆ ಉಬ್ಬುತ್ತದೆ. ಇನ್ನು ಮಡಿಕೆಯ ಗೆರೆ ಬೀಳಬೇಕಾದರೆ ರೂಲ್‌ನ ಎದುರಿಗೆ ಒಂದು ಕಾಲುವೆ ಬೇಕು. ರಟ್ಟಿನ ದಪ್ಪದ ಒಂದೂವರೆ ಪಟ್ಟಿಗೆ ರೂಲ್‌ನ ದಪ್ಪ ಕೂಡಿಸಿದರೆ ಕಾಲುವೆಯ ಅಗಲ. ರಟ್ಟು 0.4 ಇದ್ದರೆ 0.6ಕ್ಕೆ 0.71 ಸೇರಿ 1.3. ಕಾಲುವೆ ಕಿರಿದಾದರೆ ರಟ್ಟು ಸೀಳುತ್ತದೆ, ಅಗಲವಾದರೆ ಮಡಿಕೆ ಮೆತ್ತಗಾಗುತ್ತದೆ.

ನಮ್ಮಲ್ಲಿ ನಡೆದ ಒಂದು ಅನಾಹುತವನ್ನು ಮುಚ್ಚಿಡುವುದಿಲ್ಲ. ಡೈ ಎಂದರೆ ಕನ್ನಡಿಯ ಬಿಂಬ. ಮುದ್ರಣದ ಮುಖದಿಂದ ನೋಡಿದ ಚಿತ್ರ ಬೇರೆ, ಹಲಗೆಯ ಮುಖದಿಂದ ನೋಡಿದ ಚಿತ್ರ ಬೇರೆ. ಎರಡೂ ಕಡೆ ಒಂದೇ ಥರ ಇರುವ ಡಬ್ಬವಾದರೆ ಚಿಂತೆಯಿಲ್ಲ. ಒಂದು ಸಲ ಔಷಧಿಯ ಡಬ್ಬ ಬಂದಿತು, ಅದರ ಕೊಂಡಿ ಒಂದೇ ಪಕ್ಕದಲ್ಲಿತ್ತು. ನಕ್ಷೆಯ ಮೇಲೆ ಯಾವ ಮುಖ ಎಂದು ಬರೆದಿರಲಿಲ್ಲ, ನಾನು ಕೇಳಲಿಲ್ಲ. ಡೈ ಎಡಬಲ ಅದಲುಬದಲಾಗಿ ತಯಾರಾಯಿತು. ಪ್ರೆಸ್ಸಿನಲ್ಲಿ ಮುದ್ರಣ ಮುಗಿದು ರಟ್ಟಿನ ಗುಡ್ಡ ಕಾಯುತ್ತಿತ್ತು. ಅಪ್ಪ ಒಂದು ಮಾತೂ ಆಡದೆ ಹೊಸ ಹಲಗೆ ಎಳೆದುಕೊಂಡು ರಾತ್ರಿಯೆಲ್ಲ ಕುಳಿತರು. ಬೆಳಗಿನ ಜಾವ ಕಾಫಿ ಕುಡಿಯುವಾಗ, "ಮುಖ ಯಾವುದು ಎಂದು ಕೇಳುವುದಕ್ಕೆ ನಾಚಿಕೆ ಪಡಬಾರದು ಕಣೋ" ಎಂದರು. ಅಂದಿನಿಂದ ಒಂದೇ ಒಂದು ಡೈಯನ್ನೂ ಕೇಳದೆ ಮಾಡಿಲ್ಲ.

ಪಂಚಿಂಗ್ ಯಂತ್ರದ ಬಗ್ಗೆಯೂ ಒಂದು ಮಾತು. ಕೈಯಿಂದ ಹಾಳೆ ಕೊಡುವ ಯಂತ್ರಗಳು ನಮ್ಮ ಬೀದಿಗಳಲ್ಲಿ ಇನ್ನೂ ಓಡುತ್ತಿವೆ. ಬಾಯಿ ತೆರೆದಾಗ ಹಾಳೆ ಇಡಬೇಕು, ಮುಚ್ಚುವ ಮೊದಲು ಕೈ ತೆಗೆಯಬೇಕು. ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ. ಸುರಕ್ಷತೆಯ ಅಡ್ಡಪಟ್ಟಿಯನ್ನು ವೇಗಕ್ಕಾಗಿ ಕಟ್ಟಿಹಾಕುವ ಮಾಲೀಕರು ಸಿಕ್ಕರೆ ಅಲ್ಲಿ ಕೆಲಸಕ್ಕೆ ಸೇರಬೇಡಿ.

ಲೇಸರ್ ಬಂದದ್ದು ಹೇಗೆ ಎಂದು ಕೇಳುತ್ತೀರಿ. ಮರ ಕೊರೆಯುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲು ಮಾಡಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಅದರ ಕಿರಣ 10.6 ಮೈಕ್ರಾನ್ ತರಂಗಾಂತರದ್ದು, ಕಣ್ಣಿಗೆ ಕಾಣುವುದಿಲ್ಲ, ಮರ ಅದನ್ನು ಚೆನ್ನಾಗಿ ಹೀರಿಕೊಂಡು ಆ ಗೆರೆಯಲ್ಲಷ್ಟೇ ಸುಟ್ಟುಹೋಗುತ್ತದೆ. 1970ರ ದಶಕದ ಆರಂಭದಲ್ಲೇ ಬ್ರಿಟನ್ನಿನಲ್ಲಿ ಡೈಯ ಹಲಗೆ ಕೊರೆಯಲು ಇದನ್ನು ಬಳಸಿದರು. ಕಾರ್ಖಾನೆಗಳಲ್ಲಿ ಲೇಸರ್ ಹಿಡಿದ ಮೊದಮೊದಲ ಕೆಲಸಗಳಲ್ಲಿ ನಮ್ಮದೂ ಒಂದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಬೀದಿಗೆ ಅದು ಬರುವ ಹೊತ್ತಿಗೆ ಅಪ್ಪನಿಗೆ ವಯಸ್ಸಾಗಿತ್ತು. ಚಿಕ್ಕಪ್ಪ ಒಂದು ದಿನಪೂರ್ತಿ ಗರಗಸ ಆಡಿಸಿ ಮಾಡುವುದನ್ನು ಅದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿತ್ತು. ಅವರು ಯಂತ್ರದ ಮುಂದೆ ನಿಂತು ಸುಟ್ಟ ಮರದ ವಾಸನೆ ನೋಡಿ, "ಅಡುಗೆ ಸೀದುಹೋಗಿದೆ" ಎಂದು ಹೇಳಿ ಹೊರಟುಹೋದರು. ಮೂರು ತಿಂಗಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆ ನೋವು ನಿಜ, ಅದನ್ನು ತಮಾಷೆ ಮಾಡಲಾರೆ.

ಅವರನ್ನು ವಾಪಸು ಕರೆತಂದದ್ದು ಮಳೆಗಾಲ. ಲೇಸರ್ ಕರಾರುವಾಕ್ಕಾಗಿ ಕೊರೆದ ಹಲಗೆಗಳು ಜುಲೈ ತಿಂಗಳ ಒದ್ದೆ ಗಾಳಿಗೆ ಉಬ್ಬಿ ಅಳತೆ ತಪ್ಪತೊಡಗಿದವು. ಪ್ಲೈವುಡ್ ಬಂದ ತಕ್ಷಣ ಕೊರೆಯಬಾರದು, ಹದಿನೈದು ದಿನ ನಮ್ಮ ಗಾಳಿ ಕುಡಿಯಲಿ ಎಂದು ಅವರು ಹಲಗೆಗಳನ್ನು ಗೋಡೆಗೆ ಒರಗಿಸಿಡುತ್ತಿದ್ದರು. ನಾವು ಅದನ್ನು ಹಳೆಯ ಕಾಲದವರ ನಿಧಾನ ಎಂದುಕೊಂಡಿದ್ದೆವು. ಮನೆಗೆ ಹೋಗಿ ಕರೆದೆ, ಬಂದರು. ಬಂದವರು ಮತ್ತೆ ಗರಗಸ ಮುಟ್ಟಲಿಲ್ಲ, ಮೇಕ್‌ರೆಡಿಗೆ, ಅಂದರೆ ಡೈ ಎಲ್ಲ ಕಡೆ ಸಮನಾಗಿ ಕತ್ತರಿಸುವಂತೆ ಹೊಂದಿಸುವ ಕೆಲಸಕ್ಕೆ, ಕುಳಿತರು.

ಮೇಕ್‌ರೆಡಿಯನ್ನು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಸಿರುತ್ತಾರೆ. ಹನ್ನೆರಡು ಡಬ್ಬದ ಡೈ ಎಂದುಕೊಳ್ಳಿ. ಒಂದು ಡಬ್ಬಕ್ಕೆ ಎರಡು ಮೀಟರ್ ರೂಲ್ ಎಂದರೂ ಇಪ್ಪತ್ತನಾಲ್ಕು ಮೀಟರ್ ಅಂಚು ಒಂದೇ ಕ್ಷಣದಲ್ಲಿ ಒಂದೇ ಆಳಕ್ಕೆ ಇಳಿಯಬೇಕು. ಹಾಗೆ ಎಂದೂ ಇಳಿಯುವುದಿಲ್ಲ. ಯಂತ್ರದ ತಟ್ಟೆ ಎಲ್ಲೋ ತಗ್ಗಿರುತ್ತದೆ, ರೂಲ್‌ನ ಜೋಡಣೆ ಎಲ್ಲೋ ಕುಂದಿರುತ್ತದೆ. ಇಡೀ ಯಂತ್ರದ ಒತ್ತಡ ಹೆಚ್ಚಿಸಿದರೆ ಕತ್ತರಿಸದಿದ್ದ ಕಡೆ ಕತ್ತರಿಸುತ್ತದೆ, ಆದರೆ ಸರಿಯಾಗಿದ್ದ ಕಡೆ ಅಂಚು ಮೊಂಡಾಗುತ್ತದೆ. ಅದರ ಬದಲು ಮೊದಲು ಕಡಿಮೆ ಒತ್ತಡದಲ್ಲಿ ಒಂದು ಹಾಳೆ ಹೊಡೆದು, ಬೆಳಕಿಗೆ ಹಿಡಿದು, ಎಲ್ಲಿ ಕತ್ತರಿಸಿಲ್ಲ ಎಂದು ನೋಡಿ, ಡೈಯ ಬೆನ್ನಿಗೆ ಆ ಜಾಗದಲ್ಲಿ ತೆಳು ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟಿಯ ದಪ್ಪ 0.03, 0.05 ಮಿ.ಮೀ. ಮತ್ತೆ ಹೊಡೆಯಬೇಕು, ಮತ್ತೆ ನೋಡಬೇಕು. ಚಿಕ್ಕಪ್ಪ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಲೂ ಇರಲಿಲ್ಲ. ಹಿಂಬದಿಯಲ್ಲಿ ಅಂಗೈ ಆಡಿಸಿ, "ಇಲ್ಲಿ ಒಂದು, ಅಲ್ಲಿ ಎರಡು" ಎನ್ನುತ್ತಿದ್ದರು. ಹಾಳೆ ಚೂರುಚೂರಾಗಿ ಯಂತ್ರದೊಳಗೆ ಉದುರದಂತೆ ರೂಲ್‌ನ ಅಂಚಿನಲ್ಲಿ ಕೂದಲೆಳೆಯ ಕಚ್ಚು ಹೊಡೆಯುತ್ತೇವೆ, ಅಷ್ಟು ಜಾಗದಲ್ಲಿ ರಟ್ಟು ಕತ್ತರಿಸದೆ ಹಿಡಿದುಕೊಂಡಿರುತ್ತದೆ. ಅದು ನಿಕ್. ಡಬ್ಬದ ಅಂಚಿನಲ್ಲಿ ಕಂಡೂ ಕಾಣದ ಒಂದು ಚುಚ್ಚು ಇರುತ್ತದಲ್ಲ, ಅದು ಅದರ ಗುರುತು. ಆ ಕಚ್ಚನ್ನು ಎಲ್ಲಿ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂಬುದೂ ಅವರದೇ ತೀರ್ಮಾನ.

ಡೈ ಯಾರದು ಎಂಬ ಜಗಳವನ್ನು ಹೇಳದೆ ಬಿಡಲಾರೆ. ಹಣ ಕೊಟ್ಟವರು ಗಿರಾಕಿ, ಇಟ್ಟುಕೊಳ್ಳುವವರು ಪ್ರೆಸ್ಸಿನವರು, ಕೆಟ್ಟರೆ ಬೈಸಿಕೊಳ್ಳುವವರು ನಾವು. ಗಿರಾಕಿ ಪ್ರೆಸ್ ಬದಲಿಸಿದ ದಿನ ಡೈ ಕಾಣೆಯಾಗುತ್ತದೆ. ನೀವು ಮುಂದೆ ಕೆಲಸಕ್ಕೆ ಸೇರಿದಾಗ ಬಿಲ್ಲಿನ ಮೇಲೆ ಇದನ್ನು ಬರೆಸಿಕೊಳ್ಳಿ, ಅಷ್ಟೇ.

ಡೈ ಇಲ್ಲದೆಯೇ ಕತ್ತರಿಸುವ ಯಂತ್ರಗಳು ಬಂದಿವೆಯಲ್ಲ ಎಂದು ಹಿಂದಿನ ಸಾಲಿನವರು ಚೀಟಿ ಕಳಿಸಿದ್ದಾರೆ. ಬಂದಿವೆ. ಕಂಪ್ಯೂಟರಿನ ನಕ್ಷೆಯನ್ನು ನೋಡಿಕೊಂಡು ಚೂರಿಯೋ ಲೇಸರೋ ನೇರವಾಗಿ ರಟ್ಟಿನ ಮೇಲೆ ಓಡುತ್ತದೆ. ಐವತ್ತು ಮಾದರಿ ಡಬ್ಬ ಬೇಕಾದರೆ ನಾನೇ ಅಲ್ಲಿಗೆ ಕಳಿಸುತ್ತೇನೆ. ಆದರೆ ಚೂರಿ ಗೆರೆಯ ಉದ್ದಕ್ಕೂ ಓಡಿ ಮುಗಿಸಬೇಕು, ಡೈ ಒಂದೇ ಏಟಿಗೆ ಮುಗಿಸುತ್ತದೆ. ಗಂಟೆಗೆ ಸಾವಿರಾರು ಹಾಳೆ ಬೇಕೆನ್ನುವವರು ಇನ್ನೂ ನಮ್ಮ ಬಾಗಿಲಿಗೇ ಬರುತ್ತಾರೆ. ಮಗಳು ಈಗ ಎರಡನ್ನೂ ನಡೆಸುತ್ತಿದ್ದಾಳೆ. ಅವಳ ಲೆಕ್ಕ ಅವಳದು, ನಾನು ಕೇಳುವುದಿಲ್ಲ.

ಈ ಹಲಗೆ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಮಾಡಿದ್ದು, ಆರು ಮುಖದ ಊದುಬತ್ತಿ ಡಬ್ಬದ್ದು. ಮಗುಚಿದರೆ ಬೆನ್ನಿನ ಮೇಲೆ ಆ ತೆಳು ಕಾಗದದ ಪಟ್ಟಿಗಳು ಇನ್ನೂ ಇವೆ, ಪೆನ್ಸಿಲಿನಲ್ಲಿ ಒಂದು, ಎರಡು ಎಂದು ಬರೆದದ್ದೂ ಇದೆ. ರಬ್ಬರ್ ಗಟ್ಟಿಯಾಗಿದೆ, ರೂಲ್ ಮಾತ್ರ ಇನ್ನೂ ಹರಿತ. ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿ. ಬೆರಳನ್ನು ಮೇಲಿನಿಂದ ಇಟ್ಟು ಎತ್ತಿ, ರೂಲ್‌ನ ಉದ್ದಕ್ಕೆ ಎಳೆಯಬೇಡಿ.